ಮೂಗಿನ ಎತ್ತರದ ಹೊಗೆ

ರೆಜಿನಾ ಮಿಸ್ ಮೂಗಿನ ತುದಿಗೆ ಬೆರಳಿಟ್ಟರೆಂದರೆ ನಮ್ಮ ಆಫೀಸಿನಲ್ಲಿ ಯಾರದೋ ಬರಹ ವಾಪಸು ಬಂತೆಂದೇ ಅರ್ಥ. ಬೇರೆಯವರು ಆಶ್ಚರ್ಯವಾದಾಗ ಮೂಗಿನ ಮೇಲೆ ಬೆರಳಿಡುತ್ತಾರೆ. ಇವರಿಗೆ ನಮ್ಮ ಬಗ್ಗೆ ಆಶ್ಚರ್ಯವೇನೂ ಉಳಿದಿರಲಿಲ್ಲ, ಕೇಳುವ ಪ್ರಶ್ನೆಯಿತ್ತು ಅಷ್ಟೆ. "ಅದೆಲ್ಲ ಸರಿ ಕಣಮ್ಮ, ಇಲ್ಲೆಷ್ಟಿದೆ?" ಇಲ್ಲಿ ಎಂದರೆ ಮೂಗಿನ ಎತ್ತರದಲ್ಲಿ. ಎಷ್ಟಿದೆ ಎಂದು ಕೇಳುತ್ತಿದ್ದುದು ಹೊಗೆಯನ್ನು.

ನಮ್ಮ ಕೆಲಸವನ್ನು ಮನೆಯಲ್ಲಿ ವಿವರಿಸಿ ವಿವರಿಸಿ ನಾನು ಸೋತಿದ್ದೇನೆ. ಮೈಸೂರಿನ ಸಿದ್ಧಾರ್ಥನಗರದಲ್ಲಿ ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಏಳು ಜನ ಕೂತು, ಭೂಮಿಯ ಆಚೆ ಬದಿಯ ಬೆಟ್ಟದೂರುಗಳಿಗೆ ಹವಾಮಾನ ಬರೆಯುತ್ತೇವೆ. ಅಲ್ಲಿನವರು ಹೊರಡಿಸುವ ನಕ್ಷೆ, ಅಂಕಿಗಳನ್ನು ನೋಡಿ ಸಾಮಾನ್ಯ ಜನಕ್ಕೆ ತಿಳಿಯುವ ನಾಲ್ಕು ಸಾಲು ಮಾಡಿ ಕಳಿಸುವುದು. ಚಳಿಗಾಲಕ್ಕೆ ಮೊದಲೇ ಈ ಸಲ ಹಿಮ ಹೆಚ್ಚೋ ಕಡಿಮೆಯೋ, ಬೇಸಿಗೆಯಲ್ಲಿ ಕಾಡು ಹೊತ್ತಿಕೊಂಡರೆ ಹೊಗೆ ಯಾವ ಊರಿನ ಕಡೆಗೆ, ಇಂಥವು. ನಾವು ಬೆಳಿಗ್ಗೆ ಬರೆದಿದ್ದನ್ನು ಅವರು ತಮ್ಮ ಬೆಳಿಗ್ಗೆ ಎದ್ದು ಓದುವಷ್ಟರಲ್ಲಿ ನಾವು ಮನೆ ಸೇರಿರುತ್ತೇವೆ. ಏಳು ಜನರಲ್ಲಿ ಹಿಮ ಕಂಡವರು ಒಬ್ಬರೂ ಇಲ್ಲ. "ಅವರೂರಲ್ಲಿ ಐಸು ಬಿದ್ರೆ ನಿನಗೇನೇ?" ಎಂದು ಅಮ್ಮ ಇವತ್ತಿಗೂ ಕೇಳುತ್ತಾಳೆ.

ಮಿಸ್ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ, ನಿವೃತ್ತರಾದ ಮೇಲೆ ನಮ್ಮ ಬರಹ ತಿದ್ದಲು ಬಂದವರು. ಕೆಸರೆಯಲ್ಲಿ ತಂಗಿ ಸ್ಟೆಲ್ಲಾ ಜೊತೆ ಮನೆ. ಗಂಜಿ ಹಾಕಿದ ಕಾಟನ್ ಸೀರೆ, ಕೈಚೀಲದಲ್ಲಿ ಜಪಸರದ ಪಕ್ಕದಲ್ಲೇ ಇನ್‌ಹೇಲರ್. ಚಿಕ್ಕಂದಿನಿಂದ ಆಸ್ತಮಾ. ಯಾರಾದರೂ ಕೆಳಗೆ ರಸ್ತೆಯಲ್ಲಿ ಬೀಡಿ ಹಚ್ಚಿದರೂ ಇವರಿಗೆ ಮಹಡಿಯ ಮೇಲೆ ಗೊತ್ತಾಗುತ್ತಿತ್ತು. ಹಿಮದ ವಿಷಯದಲ್ಲಿ ಅವರಿಗಿದ್ದ ಅನುಭವವೆಂದರೆ ಮನೆಯ ಹಳೇ ಫ್ರಿಜ್ಜು. ಫ್ರೀಜರಿನಲ್ಲಿ ಕಟ್ಟಿಕೊಂಡಿದ್ದನ್ನು ಚಮಚದಲ್ಲಿ ಕೆರೆದು ಬಟ್ಟಲಿಗೆ ತುಂಬಿ, ಕರಗಿದರೆ ಎಷ್ಟು ನೀರಾಗುತ್ತದೆಂದು ನೋಡುತ್ತಿದ್ದರಂತೆ. "ಬಟ್ಟಲು ತುಂಬ ಇತ್ತು ಕಣೇ, ಕರಗಿದ್ರೆ ತಳದಲ್ಲಿ ಇಷ್ಟೇ ಇಷ್ಟು. ಹಿಮದ ಎತ್ತರ ನೋಡಿ ಮೋಸ ಹೋಗ್ಬೇಡ" ಎಂದು ಮಾರನೆಯ ದಿನ ವರದಿ ಒಪ್ಪಿಸಿದ್ದರು.

ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಊರಿಗೆ "ಈ ಚಳಿಗಾಲ ಭಾರಿ ಹಿಮ ಖಚಿತ" ಎಂದು ಬರೆದಿದ್ದೆ. ನಕ್ಷೆಯಲ್ಲಿ ಇದ್ದುದು ನೂರಕ್ಕೆ ಅರವತ್ತರ ಸಾಧ್ಯತೆ, ಅದೂ ಮೂರು ತಿಂಗಳ ಮೊದಲೇ. ಮಿಸ್ ಕುರ್ಚಿ ಎಳೆದುಕೊಂಡು ಬಂದು ಕೂತರು.

"ದಸರಾಕ್ಕೆ ನಿಮ್ಮನೆಗೆ ನೆಂಟರು ಬರ್ತಾರಾ?"

"ಬರ್ತಾರೆ ಮಿಸ್."

"ಮಂಗಳವಾರ ಮಧ್ಯಾಹ್ನಕ್ಕೆ ಎಷ್ಟು ಅಕ್ಕಿ ಹಾಕ್ಬೇಕು ಹೇಳು ನೋಡೋಣ."

"ಅದ್ಹೇಗೆ ಈಗಲೇ ಹೇಳಕ್ಕಾಗುತ್ತೆ?"

"ಆಗಲ್ಲ ಅಲ್ವಾ? ಅಷ್ಟೇ ಇದು. ಈ ಸಲ ಜನ ಜಾಸ್ತಿ ಬರೋ ಹಂಗಿದೆ ಅನ್ನಬಹುದು, ಬರದೆಯೂ ಇರಬಹುದು."

"ಹಾಗಾದ್ರೆ ಬರೆಯೋದಾದ್ರೂ ಯಾಕೆ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಅಕ್ಕಿ ಹಾಕೋಕಲ್ಲ ಕಣಮ್ಮ. ಹಾಸಿಗೆ ಹೊದಿಕೆ ಒಗೆದು ಇಟ್ಕೊಳ್ಳೋಕೆ."

ಹೊಗೆಯ ಪಾಠ ಇನ್ನೂ ಕಟ್ಟುನಿಟ್ಟು. ಒಮ್ಮೆ ನಕ್ಷೆಯ ತುಂಬ ಕಂದುಬಣ್ಣ ಕಂಡು ಒಂದಿಡೀ ಜಿಲ್ಲೆಯ ಜನ ಮನೆಯೊಳಗೇ ಇರಬೇಕೆಂದು ಬರೆದೆ. ಮಿಸ್ ಮೂಗಿಗೆ ಬೆರಳಿಟ್ಟರು. ಆ ಹೊಗೆ ಆಕಾಶದಲ್ಲಿ ಬಹಳ ಮೇಲಿತ್ತು. "ಸೂರ್ಯ ಕೆಂಪಗೆ ಕಾಣ್ತಾನೆ ಅಷ್ಟೇ. ಮಕ್ಕಳು ಆಡ್ಕೊಳ್ಳಲಿ ಬಿಡು." ಅದೇ ವಾರ ಕಣಿವೆಯ ಒಂದು ಸಣ್ಣ ಊರಿಗೆ ನಾನು "ಗಾಳಿ ಶುದ್ಧ" ಎಂದಾಗ, "ಅಳೆದಿದ್ದು ಎಲ್ಲಿ?" ಎಂದರು. ಹುಡುಕಿ ನೋಡಿದರೆ ಗಾಳಿ ಅಳೆಯುವ ಯಂತ್ರ ಬೆಟ್ಟದ ಆಚೆ ಬದಿಯಲ್ಲಿತ್ತು. ನಿಮ್ಮ ಹತ್ತಿರ ಯಂತ್ರವಿಲ್ಲ, ಬೆಳಗಿನ ಹೊತ್ತು ಹೊಗೆ ಕಣಿವೆಯಲ್ಲಿ ಕೂತಿರಬಹುದು, ಕಿಟಕಿ ಮುಚ್ಚಿಕೊಳ್ಳಿ ಎಂದು ಅವರೇ ತಿದ್ದಿ ಬರೆದರು. ಆ ಊರಿನ ಯಾರೋ ಮುದುಕರು "ಮುಚ್ಚಿಕೊಂಡೆ, ಉಪಕಾರವಾಯಿತು" ಎಂದು ಒಂದು ಸಾಲು ಬರೆದು ಕಳಿಸಿದರು. ಮಿಸ್ ಅದನ್ನು ಪ್ರಿಂಟ್ ತೆಗೆಸಿ ಕೈಚೀಲದಲ್ಲಿಟ್ಟುಕೊಂಡರು.

ಕಳೆದ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮಿಸ್ ಫೋನ್ ಮಾಡಿದರು. ನಾನು ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ದೋಸೆ ಹಾಕುತ್ತಿದ್ದೆ.

"ನೆಗಡಿ ಆಗ್ಬುಟ್ಟಿದೆ ಕಣೇ, ಮೂಗು ಕೆಲಸ ಮಾಡ್ತಿಲ್ಲ. ಹೊರಗೆ ಮಬ್ಬು ಮಬ್ಬಾಗಿದೆ, ಮಂಜೋ ಹೊಗೆಯೋ ಗೊತ್ತಾಗ್ತಿಲ್ಲ. ನಿನ್ನ ಫೋನಲ್ಲಿ ಬರುತ್ತಲ್ಲ, ಒಸಿ ನೋಡಿ ಹೇಳು. ಚರ್ಚಿಗೆ, ಪೂಜೆಗೆ ನಡ್ಕೊಂಡು ಹೋಗ್ಲಾ?"

ಎಡಗೈಯಲ್ಲಿ ಫೋನ್ ತಿರುಗಿಸಿ ನೋಡಿದೆ. ಮೈಸೂರು, ಹಸಿರು, ಎಂದರೆ ಗಾಳಿ ಶುದ್ಧ. "ಹಸಿರು ತೋರಿಸ್ತಿದೆ ಮಿಸ್, ಆರಾಮಾಗಿ ಹೋಗ್ಬನ್ನಿ" ಎಂದೆ.

ಅವರು ಆ ಕಡೆ ಮೂಗು ಸೀಟಿಕೊಂಡರು. ಆಮೇಲೆ "ನೀನು ಹೇಳಿದ್ಮೇಲೆ ಸರಿ" ಎಂದು ಇಟ್ಟುಬಿಟ್ಟರು. ನಾನು ದೋಸೆ ಮಗುಚಿದೆ.

ಅವರ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಹಿಂದಿನ ಸಂಜೆ ಯಾರೋ ಕಸಕ್ಕೆ ಬೆಂಕಿ ಹಚ್ಚಿ ಹೋಗಿದ್ದರು. ಅದು ಬೆಳಗಿನವರೆಗೂ ಒಳಗೊಳಗೇ ಉರಿಯುತ್ತಿತ್ತು. ಚಳಿಗೆ ಹೊಗೆ ಮೇಲೇಳದೆ ಮಂಜಿನ ಜೊತೆ ಸೇರಿ ಬೀದಿಯಲ್ಲೇ ನಿಂತಿತ್ತು, ಸರಿಯಾಗಿ ಮೂಗಿನ ಎತ್ತರಕ್ಕೆ. ಮಿಸ್ ಚರ್ಚಿನವರೆಗೂ ಹೋಗಲಿಲ್ಲ. ದಾರಿಯಲ್ಲಿ ಉಸಿರು ಸಿಗದೆ ಯಾರದೋ ಮನೆಯ ಜಗಲಿಯ ಮೇಲೆ ಕೂತವರನ್ನು ಆ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನನ್ನ ಫೋನಿನ ಹಸಿರನ್ನು ಅಳೆದ ಯಂತ್ರ ಕೆಸರೆಯಲ್ಲಿರಲಿಲ್ಲ. ಅದನ್ನು ನಾನು ನೋಡಿದ್ದು ಸೋಮವಾರ, ಸುದ್ದಿ ಗೊತ್ತಾದ ಮೇಲೆ. ನೋಡಲು ಅರ್ಧ ನಿಮಿಷ ಸಾಕಾಯಿತು.

ಬುಧವಾರ ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಟ್ಟರು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ನನ್ನನ್ನು ಕಂಡು ಮಿಸ್ ಕೈಯೆತ್ತಿ ಮಾಸ್ಕಿನ ಮೇಲೆಯೇ, ಮೂಗಿನ ತುದಿ ಇರುವಲ್ಲಿ, ಬೆರಳಿಟ್ಟರು.

"ಅಳೆದಿದ್ದು ಎಲ್ಲಿ ಅಂತ ನೋಡ್ಲಿಲ್ಲ ಮಿಸ್. ತಪ್ಪಾಯ್ತು" ಎಂದೆ.

ಅವರು ಮಾಸ್ಕನ್ನು ಕೊಂಚ ಸರಿಸಿದರು. "ನಾನೂ ಕೇಳ್ಲಿಲ್ವಲ್ಲೇ. ನೀನಲ್ವಾ ಅಂತ ಕೇಳೋದು ಬುಟ್ಬುಟ್ಟೆ."

ನರ್ಸ್ ಬಂದು ಗದರಿ ಮಾಸ್ಕ್ ಸರಿಮಾಡಿದಳು. ಮಿಸ್ ಶುಕ್ರವಾರ ತೀರಿಕೊಂಡರು.

ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮುಂದಿನ ಸೋಮವಾರ ಆಫೀಸಿಗೆ ಹೋಗಿ ಎರಡು ಊರಿಗೆ ಹಿಮ ಬರೆದೆ. ಈಗ ನಾನು ಬರೆಯುವ ಪ್ರತಿ ಹೊಗೆ ವರದಿಯ ಮೊದಲ ಸಾಲು, ಇದನ್ನು ಅಳೆದಿದ್ದು ನಿಮ್ಮಿಂದ ಇಷ್ಟು ದೂರದಲ್ಲಿ, ಎಂದಿರುತ್ತದೆ. ಉದ್ದವಾಯಿತೆಂದು ಆಚೆಯವರು ಅದನ್ನು ತೆಗೆದುಹಾಕುತ್ತಾರೆ. ನಾನು ಮರುದಿನ ಮತ್ತೆ ಬರೆಯುತ್ತೇನೆ.

ಮಣ್ಣು ಮಾಡಿದ ದಿನ ಫಾದರ್ ಸಮಾಧಿಯ ಸುತ್ತ ಧೂಪ ಹಾಕುತ್ತಿದ್ದರು. ಎಲ್ಲರೂ ಪ್ರಾರ್ಥನೆ ಹೇಳುತ್ತಿದ್ದಾಗ ನಾನು ಆ ಹೊಗೆ ಯಾವ ಕಡೆಗೆ ಹೋಗುತ್ತಿದೆ, ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾ ನಿಂತಿದ್ದೆ. ಪಕ್ಕದಲ್ಲಿ ಸ್ಟೆಲ್ಲಾ ಆಂಟಿ ಇದ್ದರು.

"ಅವತ್ತು ಬೇಡ ಅಂದೆ ಕಣಮ್ಮ" ಎಂದರು ಮೆಲ್ಲಗೆ. "ಯಾರ್ಗೋ ಫೋನ್ ಮಾಡಿ, ಹೋಗ್ಬೋದಂತೆ ಅಂದ್ಳು. ಯಾರು ಅಂತ ಆಸ್ಪತ್ರೇಲೂ ಕೇಳ್ದೆ. ಹೇಳ್ಲೇ ಇಲ್ಲ."

"ನಾನೇ ಆಂಟಿ" ಎಂದೆ. "ಹಸಿರು ತೋರಿಸ್ತಿತ್ತು. ಎಲ್ಲಿಯದು ಅಂತ ನೋಡ್ಲಿಲ್ಲ."

ಸ್ಟೆಲ್ಲಾ ಆಂಟಿ ನನ್ನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಗಾಳಿ ತಿರುಗಿ ಧೂಪದ ಹೊಗೆ ನಮ್ಮ ಕಡೆಗೆ ಬಂತು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು, ಹೊಗೆ ಬಾರದ ಕಡೆಗೆ ಎಳೆದು ನಿಲ್ಲಿಸಿದರು.