ಷಡ್ಡಕನ ತಿಪ್ಪೆ

ನನಗೆ ಹೆಣ್ಣು ಕೊಡಲು ಬಂದಿದ್ದ ಮಾವ ನನ್ನ ಮುಖ ನೋಡಿದ್ದು ಕಡಿಮೆ. ನಮ್ಮ ಹಿತ್ತಲ ತಿಪ್ಪೆಗೆ ಒಂದು ಸುತ್ತು ಬಂದು, ಕೋಲಿನಿಂದ ತಿವಿದು ನೋಡಿ, "ಗೊಬ್ಬರ ಚೆನ್ನಾಗದೆ, ದನ ಕಟ್ಟೋ ಮನೆ" ಎಂದು ಒಪ್ಪಿಕೊಂಡರು. ಹೀಗೆ ಸಗಣಿಯ ಬಲದಿಂದ ಮದುವೆಯಾದವನು ನಾನು.

ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ನಮ್ಮೂರಿನವನೇ. ನಮ್ಮಿಬ್ಬರ ಹೊಲಗಳ ನಡುವೆ ಒಂದು ಬದು, ಅಷ್ಟೆ. ವಯಸ್ಸು ಒಂದೇ ಆದರೂ ಅವನು ಹಿರಿಯಳಿಯ, ಅಣ್ಣ ಅನ್ನಬೇಕು. ಮಾವನ ಮನೆಯಲ್ಲಿ ಕಾಲಿಗೆ ನೀರು ಮೊದಲು ಅವನಿಗೆ, ಬಾಡೂಟದಲ್ಲಿ ಒಳ್ಳೆಯ ತುಂಡು ಮೊದಲು ಅವನಿಗೆ. ಅವನ ಶುಂಠಿ ಸೊಂಟದವರೆಗೆ ಬೆಳೆದರೆ ನನ್ನದು ಮೊಣಕಾಲು ದಾಟುವುದಿಲ್ಲ. ತಿಪ್ಪೆಯೊಂದರಲ್ಲಿ ಮಾತ್ರ ನಾನು ಮುಂದಿದ್ದೆ. ಅವನು ದನ ಮಾರಿ ಟಿಲ್ಲರ್ ತಂದಿದ್ದ. ಟಿಲ್ಲರ್ ಸಗಣಿ ಹಾಕುವುದಿಲ್ಲ ಎಂಬುದು ನನ್ನ ಬಾಳಿನ ದೊಡ್ಡ ಸಮಾಧಾನವಾಗಿತ್ತು.

ಆ ಸಮಾಧಾನವನ್ನೂ ಹಂಪಾಪುರದ ಕಡೆಯಿಂದ ಬಂದ ಒಂದು ಟಿಪ್ಪರ್ ಕೆಡಿಸಿತು. ಬಿಯರ್ ಕಾಯಿಸಿದ ಮೇಲೆ ಉಳಿಯುವ ಬಾರ್ಲಿಯ ಚರಟವನ್ನು ಅವನ ಹೊಲದಲ್ಲಿ ಸುರಿದು ಹೋಯಿತು. ನಮ್ಮ ಕಡೆ ಅದಕ್ಕೆ ಬಿಯರ್ ವೇಸ್ಟ್ ಎನ್ನುತ್ತಾರೆ. ಒದ್ದೆಯಾಗಿ, ಹುಳಿ ವಾಸನೆ ಹೊಡೆಯುತ್ತ ಹಬೆಯಾಡುತ್ತಿತ್ತು. ಊರೆಲ್ಲ ನೋಡಲು ಹೋಯಿತು. ಹಸು ಹುಡುಕುವವನಂತೆ ನಾನೂ ಹೋದೆ.

"ಇದೊಂದನ್ನೇ ಬುಟ್ರೆ ಕೊಳ್ತು ನಾರ್ತದೆ ಕಣ್ಲಾ," ಎಂದ ಷಡ್ಡಕ. "ಜೋಳದ ದಂಟು ಒಂದು ಪದರ, ಇದೊಂದು ಪದರ, ಸಗಣಿ ಒಂದು ಪದರ. ಆಗಾಗ ಮಗುಚ್ತಿದ್ರೆ ಒಳಗೇ ಬೆಂದು ಕರೀ ಗೊಬ್ಬರ ಆಯ್ತದೆ. ನಿನ್ ತಾವ ಸಗಣಿ ಅದಲ್ಲ, ಒಂದೆರಡು ಗಾಡಿ ಕೊಡು."

ಕೊಟ್ಟರೆ ಅವನ ಗುಡ್ಡೆ ನನ್ನದಕ್ಕಿಂತ ಎತ್ತರವಾಗುತ್ತದೆ. ಅದೂ ರಸ್ತೆಗೆ ಕಾಣುವ ಜಾಗದಲ್ಲಿ. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಆದ್ದರಿಂದ ಶಾಸ್ತ್ರ ಹಿಡಿದೆ. "ಇವತ್ತು ಮಂಗಳವಾರ ಕಣಣ್ಣ, ಮನೆಯಿಂದ ಸಗಣಿ ಆಚೆ ಹೋಗಬಾರ್ದು." ಶುಕ್ರವಾರ ಲಕ್ಷ್ಮಿಯ ಹೆಸರು ಹೇಳಿದೆ. ಸೋಮವಾರ ಬಸವನ ದಿನ, ಎತ್ತಿಗೆ ನೊಗ ಇಡುವಂತಿಲ್ಲ, ಹಾಗಾಗಿ ಗಾಡಿಯೂ ಇಲ್ಲ. ಶನಿವಾರಕ್ಕೆ ಏನೂ ಹೊಳೆಯದೆ ಸೊಂಟನೋವು ಎಂದೆ. ಗುರುವಾರ ಅವನು ಬರುವುದು ಕಂಡು ಬಾಳೆ ತೋಟದೊಳಗೆ ಕೂತುಬಿಟ್ಟೆ.

"ನಿಮ್ಮನೇಲಿ ವಾರಕ್ಕೆ ಎಷ್ಟು ದಿನ್ಲಾ?" ಎಂದು ಬದುವಿನಿಂದಲೇ ಕೂಗಿದ.

ಅಷ್ಟಕ್ಕೇ ಸುಮ್ಮನಿರದೆ ಟೀ ಅಂಗಡಿಯಲ್ಲಿ ಕಾಡಾನೆಯ ಮಾತು ಎತ್ತಿದೆ. "ಕಾಕನಕೋಟೆ ಆನೆಗೆ ಈ ವಾಸ್ನೆ ಸಿಕ್ರೆ ಬುಡ್ತದಾ? ಅಣ್ಣನ ಹೊಲ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಕಿಲ್ಲ."

ಟೀ ಸೋಸುತ್ತಿದ್ದ ಅಂಗಡಿಯವನು ತಲೆಯೆತ್ತದೆ ಹೇಳಿದ: "ಬಂದ್ರೆ ಅಲ್ಲಿ ಕುಡ್ಕೊಂಡು, ಆಮೇಲೆ ಊಟಕ್ಕೆ ನಿನ್ನ ಬಾಳೆಗೇ ಬತ್ತದೆ ಬುಡು." ಅಂದಿನಿಂದ ನನಗೆ ನಿಜವಾಗಿಯೂ ನಿದ್ದೆ ಬರಲಿಲ್ಲ.

ಆನೆ ಬರಲಿಲ್ಲ. ಗುಡ್ಡೆ ನಾರಲೂ ಇಲ್ಲ. ನನ್ನ ಸಗಣಿಯಿಲ್ಲದೆಯೇ ಅದು ಬಿಸಿಯೇರಿ, ಬೆಳಗಿನ ಹೊತ್ತು ಇಡ್ಲಿ ಪಾತ್ರೆಯಂತೆ ಹಬೆ ಬಿಡತೊಡಗಿತು. ಇತ್ತ ನನ್ನ ತಿಪ್ಪೆ ಬೆಳೆಯದೆ ಇದ್ದಷ್ಟೇ ಇತ್ತು. ದನಗಳಿಗೆ ಏನೋ ಆಗಿದೆ, ಮೇವು ಮೈಗೆ ಹತ್ತುತ್ತಿಲ್ಲ ಎಂದು ಗಾಬರಿಯಾಗಿ ತಾಲ್ಲೂಕು ಪೇಟೆ ಕೋಟೆಯಿಂದ ದನದ ಡಾಕ್ಟರನ್ನು ಕರೆಸಿದೆ. ಅವರು ಹಸುವಿನ ಹೊಟ್ಟೆ ಮುಟ್ಟಿ ನೋಡಿ, "ಇದಕ್ಕೇನೂ ಆಗಿಲ್ಲ. ನೀವ್ಯಾಕೆ ಇಷ್ಟು ಸೊರಗಿದ್ದೀರಿ?" ಎಂದರು.

ಡಾಕ್ಟರು ಹೋದ ಮೇಲೆ ಹೆಂಡತಿ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಹೊರುವ ಮಂಕರಿ ಹಿಡಿದು ನಿಂತಳು. "ನೀವು ಬುಧವಾರ ಕೋಟೆಗೆ ಹೋಯ್ತಿದ್ರಲ್ಲ, ಆಗ ನಾನೂ ಅಕ್ಕನೂ ಸಗಣಿ ಅಲ್ಲಿಗೆ ಹೊತ್ತಾಕ್ತಿದ್ವಿ. ಬುಧವಾರಕ್ಕೆ ನೀವು ಯಾವ ಶಾಸ್ತ್ರಾನೂ ಹೇಳಿರ್ಲಿಲ್ಲ."

"ನನ್ನನ್ನೊಂದು ಮಾತು ಕೇಳ್ಬಾರ್ದಾ?"

"ಭಾವ ಬಾಯಿಬುಟ್ಟು ಕೇಳವ್ರೆ. ಇಲ್ಲ ಅನ್ನಕ್ಕಾಯ್ತದಾ?"

ಸಗಣಿ ಹೋದದ್ದಕ್ಕಿಂತ ಆ 'ಭಾವ' ಎಂಬ ಮಾತಿನ ಮೆತ್ತನೆ ನನ್ನನ್ನು ಹೆಚ್ಚು ಸುಟ್ಟಿತು. ನನ್ನನ್ನು ಅವಳು ಕರೆಯುವುದು 'ನೋಡಿ ಇಲ್ಲಿ' ಎಂದು.

ದೀಪಾವಳಿಯ ಸಂಜೆ ನಮ್ಮಲ್ಲಿ ತಿಪ್ಪೆಗೂ ದೀಪ ಇಡುತ್ತೇವೆ. ಚೆಂಡುಹೂವು, ದೀಪದ ತಟ್ಟೆ ಹಿಡಿದು ಹೊರಟ ಹೆಂಡತಿ ನಮ್ಮ ತಿಪ್ಪೆಯನ್ನು ದಾಟಿ, ಬದುವನ್ನೂ ದಾಟಿದಳು.

"ಏಯ್, ನಮ್ದು ಇಲ್ಲಿ ಅದೆ!"

"ಅದ್ರಲ್ಲೇನದೆ? ಇರೋದೆಲ್ಲ ಇಲ್ಲೇ ಅದೆ," ಎಂದು ತಿರುಗಿಯೂ ನೋಡದೆ ಹೋದಳು.

ಅಕ್ಕತಂಗಿಯರು ಸೇರಿ ಆ ಗುಡ್ಡೆಗೆ ಒಂದೇ ದೀಪ ಇಟ್ಟರು. ಷಡ್ಡಕ ಒಳಗೆ ಕೈಹಾಕಿ ಒಂದು ಹಿಡಿ ತೆಗೆದು ನನ್ನ ಮೂಗಿಗೆ ಹಿಡಿದ. "ಮೂಸ್ನೋಡ್ಲಾ." ಬಿಯರೂ ಇರಲಿಲ್ಲ, ಸಗಣಿಯೂ ಇರಲಿಲ್ಲ. ಕಾಫಿಪುಡಿಯಂತೆ ಕಪ್ಪಗೆ ಉದುರುದುರಾಗಿತ್ತು. "ಅರ್ಧ ನಿಂದೇ ಕಣ್ಲಾ. ನಿನ್ನ ದನಗಳ್ದಲ್ವಾ?"

ಯಾವ ಅರ್ಧ ದೊಡ್ಡದು ಎಂದು ನನ್ನ ಕಣ್ಣು ಆಗಲೇ ಅಳೆಯುತ್ತಿತ್ತು. ಆದರೆ ಕೇಳುವ ಮೊದಲೇ ಕೊಟ್ಟನಲ್ಲ, ಕೊಡುವುದರಲ್ಲೂ ಇವನೇ ಮುಂದಾದನಲ್ಲ ಎಂಬ ಉರಿ ತಡೆಯಲಾಗಲಿಲ್ಲ.

"ಇದ್ರಲ್ಲಿ ಅರ್ಧ ಬ್ಯಾಡ ಕಣಣ್ಣ," ಎಂದೆ. "ಮುಂದಿನ ಲೋಡನ್ನ ಬದುವಿನ ಈಚೆಗೆ, ನಮ್ಮ ಹೊಲದಲ್ಲಿ ಸುರಿಸು. ದಿನಾ ಸಗಣಿ ಕೊಡ್ತೀನಿ, ಗೊಬ್ಬರ ಅರ್ಧರ್ಧ."

"ಮಂಗಳವಾರಾನೂ?"

"ಮಂಗಳವಾರಾನೂ."

"ಆಯ್ತು ಬುಡು," ಎಂದುಬಿಟ್ಟ. ಒಂದು ಕ್ಷಣವೂ ಯೋಚಿಸಲಿಲ್ಲ. ಯಾಕೆ ಯೋಚಿಸಲಿಲ್ಲ ಎಂದು ಆಗಿನಿಂದ ನಾನೇ ಯೋಚಿಸುತ್ತಿದ್ದೇನೆ.

ಈಗ ಗುಡ್ಡೆ ನಮ್ಮ ಹೊಲದಲ್ಲಿದೆ. ರಸ್ತೆಯಲ್ಲಿ ಹೋಗುವವರು ಯಾರದೆಂದು ಕೇಳಿದರೆ ನಮ್ಮದು ಎನ್ನುತ್ತೇನೆ, ಅರ್ಧದ ವಿಷಯ ತೆಗೆಯುವುದಿಲ್ಲ. ಷಡ್ಡಕ ಟೀ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ, "ಹುಷಾರು ಕಣ್ಲಾ, ಕಾಕನಕೋಟೆ ಆನೆಗೆ ಈ ವಾಸ್ನೆ ಸಿಕ್ರೆ ಬುಡ್ತದಾ?" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನು ಅವರಿಗಿಂತ ಜೋರಾಗಿ ನಗುತ್ತೇನೆ. ಆಮೇಲೆ ಹೊಲಕ್ಕೆ ಹೋಗಿ, ಒಂದು ಹಿಡಿ ಒಣಮಣ್ಣು ತೂರಿ, ಗಾಳಿ ಯಾವ ಕಡೆಗಿದೆ ನೋಡುತ್ತೇನೆ. ಕಾಡಿನ ಕಡೆಗೇ ಇರುತ್ತದೆ.