ಬೇಟೆ ಬಂಗಲೆಯಲ್ಲಿ ಕಂಬಳಿ ಹೊದ್ದ ರಾಣಿ

ಬೀಳಗಿ ಕಡೆಯ ಕುರುಚಲು ಕಾಡಿನಲ್ಲಿ ಸಂಸ್ಥಾನದ ಕಾಲದ ಬೇಟೆ ಬಂಗಲೆಯೊಂದಿದೆ. ಡಾಂಬರು ರಸ್ತೆ ಬಿಟ್ಟು ಅರ್ಧ ತಾಸು ನಡೆದರೆ ಸಾಕು, ಏರೂ ಇಲ್ಲ, ಇಳಿಜಾರೂ ಇಲ್ಲ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ದಾರಿ. ಜೊತೆಗೆ ಬಂದ ಕುರಿಗಾರ ಬೀರಪ್ಪಕಾಕಾ ತನ್ನ ಮುಧೋಳ ನಾಯಿಯನ್ನೂ ಹಗ್ಗ ಹಿಡಿದು ಕರೆತಂದಿದ್ದ. ಅದರ ಹೆಸರು ರಾಣಿ.

ಬಂಗಲೆಗೆ ಈಗ ಸೂರಿಲ್ಲ, ಮುಂದಿನ ಕಲ್ಲುಕಟ್ಟೆ ಮಾತ್ರ ಗಟ್ಟಿಯಾಗಿದೆ. ಮೂವರೂ ಅದರ ಮೇಲೆ ಕೂತೆವು. ನಾನು ರೊಟ್ಟಿ ಗಂಟು ಬಿಚ್ಚಿದೆ.

"ರಾಜರು ಇದ ಕಟ್ಟಿ ಮ್ಯಾಲಿಂದ ಬ್ಯಾಟಿಗೆ ನಾಯಿ ಬಿಡತಿದ್ರಂತ್ರಿ ಅಕ್ಕಾರ. ಅದರಾಗ ಇದರ ಮುತ್ತಜ್ಜಿನೂ ಇದ್ದಿರಬೇಕು" ಎಂದ ಕಾಕಾ.

ಅಷ್ಟರಲ್ಲಿ ಎದುರಿನ ಹೊಂಡಕ್ಕೆ ಒಂದು ಚಿಗರಿ ಜಿಂಕೆ ತನ್ನ ಮರಿಯೊಂದಿಗೆ ನೀರಿಗೆ ಬಂತು. ರಾಣಿಯ ಕಿವಿ ನಿಮಿರಿದವು, ಹಗ್ಗ ಬಿಗಿದುಕೊಂಡಿತು. ಹಗ್ಗ ಜಾರಿದರೆ ಆ ಮರಿ ಉಳಿಯುವುದಿಲ್ಲವೆಂದು ಹೆದರಿ ರೊಟ್ಟಿ ತುತ್ತನ್ನು ಕೈಯಲ್ಲೇ ಹಿಡಿದು ಕೂತೆ. ಕಾಕಾ ಹೆಗಲ ಮೇಲಿನ ಕಂಬಳಿ ತೆಗೆದು ಮೆಲ್ಲಗೆ ನಾಯಿಗೆ ತಲೆತುಂಬ ಹೊದಿಸಿದ. ರಾಣಿ ಗಪ್ಪಾಗಿ ಮಲಗಿತು.

"ಈ ಜಾತಿ ಕಣ್ಣಿಲೆ ಬ್ಯಾಟಿ ಆಡತೈತ್ರಿ. ಕಾಣಲಿಲ್ಲಂದ್ರ ಮುಗೀತು" ಎಂದು ಪಿಸುಗುಟ್ಟಿದ.

ತಾಯಿ, ಮರಿ ಹೊಟ್ಟೆತುಂಬ ನೀರು ಕುಡಿದು ಜಿಗಿಯುತ್ತ ಹೋದವು. ನನಗೂ ಜಿಗಿಯುವಷ್ಟು ಖುಷಿ. ಹೊರಡೋಣವೆಂದು ಎದ್ದರೆ ಕಂಬಳಿಯೊಳಗಿಂದ ಗೊರಕೆ ಕೇಳಿಸಿತು. ಎಬ್ಬಿಸಲು ಕೈ ಚಾಚಿದೆ. ಕಾಕಾ ತಡೆದ.

"ಇರಲಿ ಬಿಡ್ರಿ. ಇದರ ಮನಿತನದಾಗ ಈ ಕಟ್ಟಿ ಮ್ಯಾಲ ನಿದ್ದಿ ಮಾಡಿದ್ದು ಇದ ಮೊದಲ."