ಇಬ್ಬರ ಅಸೈನ್‌ಮೆಂಟು, ಒಂದು ಫೋನು

ಆ ದಿನ ಸ್ಟಾಫ್ ರೂಮಿನಲ್ಲಿ ನಾನು ಆಡಿದ್ದು ಮೂರು ಮಾತು. ಮೂರರಲ್ಲಿ ಒಂದೂ ಸುಳ್ಳಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಉಳಿದದ್ದನ್ನು ಬರೆಯುವಾಗ ನನ್ನ ಕಡೆಗೇ ವಾಲಿಬಿಡುವ ಭಯ ನನಗಿದೆ.

ನಾನೂ ನನ್ನ ಗೆಳತಿಯೂ ಜುಗೂಳ ಎಂಬ ಹಳ್ಳಿಯವರು, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆವು. ಅವಳ ತಂದೆ ದರ್ಜಿ. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾರೆ. ಹೊಳೆಯ ಕಡೆ ನಮ್ಮ ಹೊಲಕ್ಕೆ ಹೊಂದಿಕೊಂಡು ಅವರದೊಂದು ಸಣ್ಣ ಕಬ್ಬಿನ ಹೊಲ ಇದೆ. ಅವಳನ್ನು ಕಾಲೇಜಿಗೆ ಕಳಿಸುವಾಗ ಅವಳ ಅಣ್ಣ ಷರತ್ತು ಹಾಕಿದ್ದ: ಒಂದು ಪೇಪರ್ ಫೇಲಾಗಿ ಉಳಿದರೂ, ಕಾಲೇಜಿನಿಂದ ಒಂದೇ ಒಂದು ದೂರು ಮನೆಗೆ ಬಂದರೂ ಓದು ಅಲ್ಲಿಗೆ ಮುಗಿಯಿತು, ಮರುದಿನದಿಂದ ಹೊಲಿಗೆ ಮಷೀನಿನ ಮುಂದೆ ಕೂಡಬೇಕು. ಅದನ್ನು ಅವಳು ನಗುತ್ತಲೇ ನನಗೆ ಹೇಳಿದ್ದಳು.

"ನನ್ನ ಸಲುವಾಗಿ ಮಷೀನ್ ಈಗ ತಂದ ಇಟ್ಟಾನ ಬೇ. ಎಣ್ಣಿ ಸೈತ ಹಾಕ್ಯಾನ."

ಗಣಿತದ ಸರ್ ಪ್ರತಿ ವಾರ ಎರಡು ಬಗೆಯ ಅಸೈನ್‌ಮೆಂಟ್ ಕೊಡುತ್ತಿದ್ದರು. ಹತ್ತು ಲೆಕ್ಕ ಆನ್‌ಲೈನಿನಲ್ಲಿ, ಮೂರು ಲೆಕ್ಕ ಉದ್ದ ನೋಟ್‌ಬುಕ್ಕಿನಲ್ಲಿ. ಆನ್‌ಲೈನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಂಕಿಗಳು ಬರುತ್ತಿದ್ದವು, ಆದ್ದರಿಂದ ಒಬ್ಬರ ಉತ್ತರ ಇನ್ನೊಬ್ಬರಿಗೆ ನಡೆಯುತ್ತಿರಲಿಲ್ಲ. ಉತ್ತರವನ್ನು ಒಂದು ಚೌಕದಲ್ಲಿ ಟೈಪ್ ಮಾಡಬೇಕು. ಮೂರು ಸಲ ಅವಕಾಶ. ಲೆಕ್ಕ ಸರಿಯಿದ್ದು ಒಂದು ಬ್ರ್ಯಾಕೆಟ್ ಬಿಟ್ಟರೂ ಕೆಂಪು ತಪ್ಪು ಗುರುತು ಬರುತ್ತಿತ್ತು.

ಅವಳ ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಫೋನು. ಅದು ಅಣ್ಣನ ಜೇಬಿನಲ್ಲಿರುತ್ತಿತ್ತು. ನನ್ನ ಹತ್ತಿರ ನನ್ನದೇ ಫೋನಿತ್ತು, ಆದರೆ ನನಗೆ ಗಣಿತ ಬರುತ್ತಿರಲಿಲ್ಲ. ಹೀಗಾಗಿ ಕಾಲೇಜು ಬಿಟ್ಟ ಮೇಲೆ, ಊರಿನ ಬಸ್ಸು ಬರುವ ತನಕದ ಒಂದು ತಾಸು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾವು ಮುಯ್ಯಿ ಮಾಡುತ್ತಿದ್ದೆವು.

ಮುಯ್ಯಿ ಎಂದರೆ ನಮ್ಮಲ್ಲಿ ಹೊಲದ ಮಾತು. ಇಂದು ನಮ್ಮ ಮನೆಯವರು ನಿಮ್ಮ ಕಬ್ಬಿನಲ್ಲಿ ಕಸ ತೆಗೆದರೆ ನಾಳೆ ನೀವು ನಮ್ಮ ಕಬ್ಬಿಗೆ ಬರುತ್ತೀರಿ, ಕೂಲಿ ಇಲ್ಲ. ನಮ್ಮ ಅವ್ವ, ಅವಳ ಅಮ್ಮಿ ಮೊದಲಿನಿಂದಲೂ ಹಾಗೆಯೇ ಮಾಡುತ್ತ ಬಂದವರು. ಅದರಲ್ಲಿ ಒಂದು ರೀತಿಯಿದೆ. ಕೆಲಸ ಮಾಡಿದವಳು ತಾನು ಎಷ್ಟು ಮಾಡಿದೆನೆಂದು ಬಾಯಿ ಬಿಡುವುದಿಲ್ಲ. ಅದನ್ನು ಹೇಳಬೇಕಾದವಳು ಹೊಲದ ಒಡತಿ: "ಇಷ್ಟ ಸಾಲು ಅಕೀನ ಮಾಡ್ಯಾಳ" ಎಂದು ನಾಲ್ಕು ಜನರ ಮುಂದೆ ಅವಳೇ ಹೇಳಬೇಕು. ತಾನೇ ಹೇಳಿಕೊಂಡವಳನ್ನು ಮರುವರ್ಷ ಯಾರೂ ಕರೆಯುವುದಿಲ್ಲ.

ನಾನು ಫೋನಿನಲ್ಲಿ ಮೊದಲು ನನ್ನ ಲೆಕ್ಕ, ಆಮೇಲೆ ಅವಳ ಪಾಸ್‌ವರ್ಡ್ ಹಾಕಿ ಅವಳ ಲೆಕ್ಕ ತೋರಿಸುತ್ತಿದ್ದೆ. ಇಪ್ಪತ್ತನ್ನೂ ಅವಳೇ ಬಿಡಿಸುತ್ತಿದ್ದಳು. ಹೆಚ್ಚಿನವನ್ನು ಬಾಯಲ್ಲಿಯೇ. ನಾನು ಟೈಪ್ ಮಾಡುತ್ತಿದ್ದೆ.

"ಬ್ರ್ಯಾಕೆಟ್ ಹಾಕಿದಿ?"

"ಹಾಕೀನವ್ವಾ."

"ನಿನ್ನ ಬೆರಳು ಬಾಳ ಶ್ಯಾಣೇ ಅದಾವ. ತಲಿ ಒಂದ ಇಲ್ಲ ನೋಡ."

ನೋಟ್‌ಬುಕ್ಕಿನಲ್ಲಿ ಅವಳು ನಾಲ್ಕು ಸಾಲಿಗೆ ಲೆಕ್ಕ ಮುಗಿಸುತ್ತಿದ್ದಳು. ಇಂಟಿಗ್ರೇಶನ್ನಿನ ಲೆಕ್ಕದಲ್ಲಿ ಚಲಕವನ್ನು ಬದಲಿಸಿ, ಮಿತಿಗಳನ್ನು ಬದಲಿಸಿ, ನಡುವಿನದೆಲ್ಲ ಬಿಟ್ಟು ನೇರ ಉತ್ತರ ಬರೆಯುತ್ತಿದ್ದಳು. ನನಗೆ ತಿಳಿಯುತ್ತಿರಲಿಲ್ಲ. "ಇದರಿಂದ ಇದು ಹೆಂಗ ಬಂತು?" ಎಂದು ಒಂದೊಂದು ಸಾಲಿಗೂ ನಿಲ್ಲಿಸಿ ಕೇಳುತ್ತಿದ್ದೆ. ಅವಳು ಬಿಡಿಸಿ ಹೇಳುತ್ತಿದ್ದಳು, ಹೇಳಿದ್ದನ್ನೆಲ್ಲ ನಾನು ನನ್ನ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ಅವಳ ನಾಲ್ಕು ಸಾಲು ನನ್ನಲ್ಲಿ ಹದಿನಾಲ್ಕು ಆಗುತ್ತಿದ್ದವು.

ಇಂಟರ್ನಲ್ ಮಾರ್ಕ್ಸ್ ಕಳಿಸುವ ವಾರ ಸರ್ ನಮ್ಮಿಬ್ಬರನ್ನೂ ಸ್ಟಾಫ್ ರೂಮಿಗೆ ಕರೆದರು. ಅವರು ಪಟ್ಟಣದಲ್ಲಿ ಬೆಳೆದವರು, ಬೇರೆ ಕಡೆಯವರು. ಸಿಟ್ಟಿನ ಮನುಷ್ಯ ಅಲ್ಲ. ಮೇಜಿನ ಮೇಲೆ ನಮ್ಮ ಎರಡೂ ನೋಟ್‌ಬುಕ್ ತೆರೆದಿದ್ದವು, ಪಕ್ಕದಲ್ಲಿ ಲ್ಯಾಪ್‌ಟಾಪು.

"ಎಲ್ಲ ವಾರವೂ ಒಂದೇ ಫೋನಿಂದ ಎರಡು ಖಾತೆ ತೆರೆದಿದೆ," ಎಂದರು. "ಯಾರ ಫೋನು?"

"ನಂದ್ರಿ ಸರ್," ಎಂದೆ. ಇದು ಮೊದಲನೆಯ ಮಾತು.

"ಇವಳ ಉತ್ತರ ಹಾಕಿದ್ದು ಯಾರು?"

"ನಾನ್ರಿ." ಇದು ಎರಡನೆಯದು.

ಅವರು ನೋಟ್‌ಬುಕ್‌ಗಳನ್ನು ಒಂದರ ಪಕ್ಕ ಒಂದು ಸರಿಸಿದರು. ನನ್ನದರ ಮೇಲೆ ಬೆರಳಿಟ್ಟು, "ಇಲ್ಲಿ ಪ್ರತಿ ಸ್ಟೆಪ್ ಇದೆ," ಎಂದರು. ಅವಳದರ ಮೇಲೆ ಬೆರಳಿಟ್ಟು, "ಇಲ್ಲಿ ಇಲ್ಲ. ಆನ್‌ಲೈನಿನಲ್ಲೂ ನಿನ್ನದು ಮುಗಿದ ಮೇಲೇ ಇವಳದು. ನನಗೆ ಹೇಗೆ ಕಾಣುತ್ತೆ ಹೇಳಿ," ಎಂದರು. ಆಮೇಲೆ ಅವಳ ಕಡೆ ತಿರುಗಿದರು. "ನೀನು ಏನಾದರೂ ಹೇಳುವುದಿದೆಯಾ?"

ಅವಳು ಹೆದರಿರಲಿಲ್ಲ.

"ಅಕೀನ್ನ ಕೇಳ್ರಿ ಸರ್," ಎಂದಳು.

ಸರ್‌ಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿರಬೇಕು. ನನಗೆ ಹಾಗೆ ಕೇಳಿಸಲಿಲ್ಲ. ತನ್ನ ದುಡಿಮೆಯನ್ನು ತಾನೇ ಆಡಬಾರದೆಂದು ಅವಳು ಅದನ್ನು ನನ್ನ ಬಾಯಿಗೆ ಬಿಟ್ಟಿದ್ದಳು. ನನ್ನ ಹೊಲದಲ್ಲಿ ಎಷ್ಟು ಸಾಲು ಅವಳದೆಂದು ನಾನೀಗ ಹೇಳಬೇಕಿತ್ತು.

ಸರ್ ನನ್ನನ್ನು ನೋಡಿದರು. "ನೀವಿಬ್ಬರೂ ಒಟ್ಟಿಗೆ ಕೂತು ಮಾಡಿದಿರಾ?"

"ಹೌದ್ರಿ, ಕೂಡೇ ಮಾಡೀವ್ರಿ." ಇದು ಮೂರನೆಯದು.

ಲೆಕ್ಕ ಬಿಡಿಸಿದ್ದು ಯಾರೆಂದು ಅವರು ಕೇಳಲಿಲ್ಲ. ಕೇಳಿದರೆ ಹೇಳುತ್ತೇನೆ ಎಂದು ನಾನು ನಿಂತಿದ್ದೆ. ಅವರು ಪೆನ್ನಿನ ಕ್ಯಾಪ್ ತೆಗೆದು, ಪಟ್ಟಿಯಲ್ಲಿ ಅವಳ ನಂಬರಿನ ಮುಂದೆ ಸೊನ್ನೆ ಬರೆದರು. ಅಷ್ಟು ಹೊತ್ತು ನನಗೆ ಸಮಯವಿತ್ತು. ಭಯದಿಂದ ಸುಮ್ಮನಾದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಪೂರ್ತಿ ನಿಜವಲ್ಲ. ನನ್ನ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಅವರು "ಪ್ರತಿ ಸ್ಟೆಪ್ ಇದೆ" ಎಂದದ್ದು ನನಗೆ ಹಿತವಾಗಿತ್ತು. ಗಣಿತದಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ.

"ಮನೆಗೆ ಫೋನ್ ಮಾಡಿ ತಿಳಿಸಬೇಕಾಗುತ್ತೆ, ನಿಯಮ," ಎಂದು ಸರ್ ಅವಳಿಗೆ ಹೇಳಿದರು. ದನಿ ಮೆತ್ತಗಿತ್ತು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೋಗುತ್ತಿತ್ತು.

"ನಾಳೆ ಹೋಗಿ ಹೇಳ್ತೀನಿ," ಎಂದೆ.

"ಹೇಳಬ್ಯಾಡ. ಕೇಳಿದ್ದಕ್ಕೆಲ್ಲಾ ಬರೋಬ್ಬರಿ ಉತ್ತರಾ ಕೊಟ್ಟೀ," ಎಂದಳು. "ಒಂದೂ ತಪ್ಪಿಲ್ಲ."

ಮರುದಿನ ನಾನು ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ, ಸ್ಟಾಫ್ ರೂಮಿನ ಬಾಗಿಲ ತನಕ ಹೋಗಿ ಬಂದೆ. ಆ ಎರಡೂ ದಿನ ಅವಳು ಬಸ್ಸಿಗೆ ಬರಲಿಲ್ಲ. ಮೂರನೆಯ ದಿನ ಒಳಗೆ ಹೋಗಿ ಎಲ್ಲ ಲೆಕ್ಕ ಬಿಡಿಸಿದ್ದು ಅವಳೇ ಎಂದೆ. ಸರ್ ನನ್ನ ನೋಟ್‌ಬುಕ್ ತೆಗೆದು ಮುಂದೆ ಇಟ್ಟುಕೊಂಡರು.

"ಅವತ್ತೇ ಯಾಕೆ ಹೇಳಲಿಲ್ಲ?"

ಅವರು ನನ್ನನ್ನು ಬೋರ್ಡಿಗೆ ಕರೆದು ನನ್ನ ನೋಟ್‌ಬುಕ್ಕಿನದೇ ಒಂದು ಲೆಕ್ಕ ಕೊಟ್ಟರು. ಎರಡನೆಯ ಸಾಲಿಗೆ ನಿಂತೆ. ಅವರು ಪ್ರಿನ್ಸಿಪಾಲರ ಹತ್ತಿರ ಹೋಗಿ ಬಂದರು. ಸೊನ್ನೆ ನನ್ನ ಕಡೆ ಬಂತು, ಅವಳ ಮಾರ್ಕ್ಸ್ ಅವಳಿಗೆ ಸಿಕ್ಕಿತು. "ಪರೀಕ್ಷೆಗೆ ಕೂರಬಹುದು ಅಂತ ಅವಳಿಗೆ ತಿಳಿಸು," ಎಂದರು. "ನಾನೂ ಅವರ ಮನೆಗೆ ಫೋನ್ ಮಾಡ್ತೀನಿ."

ಸಂಜೆ ಅವಳ ಮನೆಗೆ ಹೋದೆ. ಅಣ್ಣ ಬಾಗಿಲಲ್ಲಿ ನಿಂತಿದ್ದ, ಅವಳ ತಂದೆ ಬಟ್ಟೆ ಕತ್ತರಿಸುತ್ತಿದ್ದರು. ಒಳಗೆ ಅವಳು ಮಷೀನಿನ ಮುಂದೆ ಕೂತು ಅಂಗಿಗಳಿಗೆ ಕಾಲರ್ ಹಚ್ಚುತ್ತಿದ್ದಳು.

"ನಿಮ್ಮ ಸರ್ ಫೋನ್ ಮಾಡಿದ್ರು," ಎಂದ ಅಣ್ಣ. "ಮದಲ ಕಾಪಿ ಮಾಡ್ಯಾಳ ಅಂದ್ರು. ಇವತ್ತ ಮಾಡಿಲ್ಲ ಅಂದ್ರು. ನಾಳೆ ಏನ್ ಅಂತಾರ?"

"ತಪ್ಪು ನಂದೈತ್ರಿ ಅಣ್ಣಾ. ಎಲ್ಲಾ ಅಕೀನ ಮಾಡಿದ್ಲು."

"ಅದನ್ನ ನಮ್ಮ ಓಣಿಗೆ ಯಾರ ಹೇಳ್ತಾರ? ನೀ ಹೇಳ್ತೀ?"

ಅವಳ ತಂದೆ ಕತ್ತರಿ ಕೆಳಗಿಟ್ಟರು. "ಬೇಟಾ, ಖರೇ ಹೇಳಾಕ ಬಂದಿ, ಚಲೋ ಆತು. ಆದ್ರ ಖರೇ ಮಾತಿಗೆ ಮೂರ ದಿನ ಯಾಕ ಹತ್ತಿತು?"

ನಾನು ಅವಳನ್ನು ನೋಡಿದೆ. ಅವಳು ದಾರ ಕಡಿದು, ಇನ್ನೊಂದು ಕಾಲರ್ ತೆಗೆದುಕೊಂಡಳು.

"ಪರೀಕ್ಷಾ ಬರೀಬೌದಂತ ನೀ," ಎಂದೆ.

"ಅಣ್ಣಾನ ಮಾತಿಗೆ ನಾನೂ ಹೂಂ ಅಂದಿದ್ದೆ," ಎಂದಳು. ನನ್ನ ಕಡೆ ನೋಡಲಿಲ್ಲ. "ಚಾ ಕುಡದ ಹೋಗ."

ಅವಳ ಅಮ್ಮಿ ಚಹಾ ಕೊಟ್ಟರು, ಕುಡಿದೆ.

ಪರೀಕ್ಷೆಯ ದಿನ ಅವಳ ನಂಬರು ನನ್ನ ಮುಂದಿನ ಡೆಸ್ಕಿನ ಮೇಲೆ ಅಂಟಿಸಿತ್ತು. ಇಂಟರ್ನಲ್ ಸೊನ್ನೆಯಾಗಿದ್ದರೂ ನನಗೆ ಕೂಡಲು ಬಿಟ್ಟಿದ್ದರು. ಅರ್ಧ ತಾಸಾದ ಮೇಲೆ ಮೇಲ್ವಿಚಾರಕರು ಹಾಜರಿ ಹಾಳೆ ಹಿಡಿದು ಸಾಲಿನಗುಂಟ ಬಂದರು.

"ಈ ನಂಬರಿನ ಹುಡುಗಿ ಬರ್ತಾಳೇನು? ಗೊತ್ತೈತಿ?"

"ಇಲ್ರಿ, ಬರೂದಿಲ್ಲ," ಎಂದೆ.

ಅವರು ಗೈರುಹಾಜರಿಯೆಂದು ಅವಳ ನಂಬರಿನ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಆಮೇಲೆ ಅದರ ಕೆಳಗಿನ ಸಾಲಿನಲ್ಲಿ, ನನ್ನ ನಂಬರಿನ ಮುಂದೆ, ನನ್ನ ಸಹಿ ತೆಗೆದುಕೊಂಡರು.